ಹಡಗಿನ ದೂರ

ನೀಲಗಿರಿಯ ನಮ್ಮ ಇತ್ತಲಾರಿನಲ್ಲಿ ಯಾರಾದರೂ ದೂರವನ್ನು ಕಿಲೋಮೀಟರಿನಲ್ಲಿ ಹೇಳಿದರೆ ಅವರು ಹೊರಗಿನವರು ಎಂದು ತಿಳಿದುಬಿಡುತ್ತೇವೆ. ಬೆಟ್ಟದ ಮೇಲೆ ಕಿಲೋಮೀಟರು ಯಾವ ಕೆಲಸಕ್ಕೂ ಬಾರದ ಲೆಕ್ಕ. ಊಟಿ ನಮಗೆ ಒಂದು ಗಂಟೆ, ಮಂಜು ಕವಿದರೆ ಒಂದೂವರೆ. ನನ್ನ ತವರು ಮಸಿನಗುಡಿ. ಕಲ್ಲಟ್ಟಿ ಘಾಟಿಯಲ್ಲಿ ಇಳಿದು ಅಲ್ಲಿಗೆ ಹೋಗುವುದು ಒಂದು ದೂರ, ಅದೇ ದಾರಿ ಹತ್ತಿ ವಾಪಸು ಬರುವುದು ಇನ್ನೊಂದು ದೂರ. ಮದುವೆಯಾದ ಹೊಸದರಲ್ಲಿ ನಾನು, ತವರು ಹತ್ತಿರ, ಗಂಡನ ಮನೆ ದೂರ ಎನ್ನುತ್ತಿದ್ದೆ. ಅದನ್ನು ಕೇಳಿ ನಕ್ಕವರು ಬಹಳ ಜನ, ತಪ್ಪು ಎಂದವರು ಒಬ್ಬರೂ ಇಲ್ಲ.

ಒಂದು ಊರಿನ ದೂರ ಇಷ್ಟು ಎಂದು ಒಂದು ಸಲ ಹಟ್ಟಿಯವರ ಬಾಯಲ್ಲಿ ಬಂತೆಂದರೆ ಮುಗಿಯಿತು, ಅದು ಹಾಗೇ ನಿಂತುಬಿಡುತ್ತದೆ. ರಸ್ತೆ ಅಗಲವಾಗಲಿ, ಹೊಸ ಬಸ್ಸು ಬರಲಿ, ಜಪ್ಪಯ್ಯ ಅಂದರೂ ಬದಲಾಗುವುದಿಲ್ಲ. ನನ್ನ ಮಾಮಿಗೆ, ಎಂದರೆ ಗಂಡನ ತಾಯಿಗೆ, ಒಬ್ಬಳೇ ತಂಗಿ. ಅವರು ಇರುವುದು ಸಿಂಗಾಪುರದಲ್ಲಿ. ಆ ಸಿಂಗಾಪುರಕ್ಕೂ ನಮ್ಮವರು ಒಂದು ದೂರ ಗೊತ್ತುಮಾಡಿಬಿಟ್ಟಿದ್ದರು. ಅದನ್ನು ಹಡಗಿನ ದೂರ ಎನ್ನುತ್ತಿದ್ದರು.

ಆ ಚಿಕ್ಕಮಾಮಿಯನ್ನು ಮದುವೆ ಮಾಡಿಕೊಟ್ಟ ಕಾಲಕ್ಕೆ ಮದ್ರಾಸಿನಿಂದ ಹಡಗು ಹೋಗುತ್ತಿತ್ತಂತೆ. ಗಂಡು ನಮ್ಮವರೇ, ಅಲ್ಲಿ ಹಡಗು ರಿಪೇರಿ ಮಾಡುವ ಜಾಗದಲ್ಲಿ ಫಿಟ್ಟರ್ ಆಗಿದ್ದವರು. ಗದ್ದೆಯ ಕೆರೆಗಿಂತ ದೊಡ್ಡ ನೀರನ್ನು ನೋಡದಿದ್ದ ಹುಡುಗಿ ವಾರಗಟ್ಟಲೆ ಸಮುದ್ರದ ಮೇಲೆ ವಾಂತಿ ಮಾಡಿಕೊಂಡು ಹೋದಳು. ಹೋಗಿ ಸೇರಿದ ಸುದ್ದಿ ಇಲ್ಲಿಗೆ ಬರಲು ಮತ್ತೆ ಒಂದು ತಿಂಗಳು. ಆಮೇಲೆ ಅವರು ಒಂದೆರಡು ಸಲ ಬಂದುಹೋದರು, ಬಂದದ್ದು ವಿಮಾನದಲ್ಲಿಯೇ, ಮದ್ರಾಸಿಗೆ. ಅಲ್ಲಿಂದ ರೈಲು, ಮೇಟುಪಾಳ್ಯದಿಂದ ಬಸ್ಸು. ನಮ್ಮವರು ಕಂಡದ್ದು ಮಾತ್ರ ಪೆಟ್ಟಿಗೆ ಇಳಿಸಿ, ಸುಸ್ತಾಗಿ, ಕಣ್ಣು ಒಳಗೆ ಹೋಗಿ ನಿಂತ ಹೆಂಗಸನ್ನು. ಹಡಗು ನಿಂತುಹೋಗಿ ಎಷ್ಟೋ ವರ್ಷವಾಗಿತ್ತು. ಹಟ್ಟಿಯ ಲೆಕ್ಕದಲ್ಲಿ ಅವರು ಇನ್ನೂ ಹಡಗಿನಷ್ಟು ದೂರದಲ್ಲಿಯೇ ಇದ್ದರು.

ನಾನು ಸೊಸೆಯಾಗಿ ಬಂದ ಸ್ವಲ್ಪ ದಿನಕ್ಕೆ ಈ ಇಬ್ಬರ ಅವ್ವೆ ತೀರಿಕೊಂಡರು. ಮಾಮಿಯ ತವರು ಹಟ್ಟಿ ನಮ್ಮಿಂದ ಒಂದು ಗುಡ್ಡದ ಆಚೆ. ನಮ್ಮಲ್ಲಿ ಸಾವಾದರೆ ಸುದ್ದಿ ಹಟ್ಟಿ ಹಟ್ಟಿಗೂ ಹೋಗುತ್ತದೆ, ನೆಂಟರು ಬಂದು ಮುಖ ನೋಡಿ ಅಳುತ್ತಾರೆ, ಮಾರನೆಯ ದಿನ ಹೊತ್ತು ಇಳಿಯುವ ಮುಂಚೆ ಎತ್ತುತ್ತಾರೆ. ಎತ್ತುವ ಮುಂಚೆ ಆ ಹಟ್ಟಿಯ ಗೌಡರು ಅಂಗಳದಲ್ಲಿ ನಿಂತು, ಬರಬೇಕಾದವರು ಇನ್ನು ಯಾರಾದರೂ ಇದ್ದಾರಾ ಎಂದು ಗಟ್ಟಿಯಾಗಿ ಕೇಳಿದರು. ಮನೆಯ ಹಿರಿಮಗಳು ಉತ್ತರ ಹೇಳಬೇಕು. ಮಾಮಿ ಸೆರಗಿನಿಂದ ಬಾಯಿ ಒರೆಸಿಕೊಂಡು, "ಎಲ್ಲರೂ ಬಂದಾಯಿತು" ಎಂದರು. ಅದು ಸುಳ್ಳು ಎಂದು ಆ ಅಂಗಳದಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ಹಡಗಿನ ದೂರದಲ್ಲಿದ್ದವರನ್ನು ಯಾರು ಕಾಯುತ್ತಾರೆ?

ಎಲ್ಲ ಮುಗಿದ ಮೇಲೆ ಸಂಜೆ ಫೋನ್ ಮಾಡಿದರು. ಮುಂಚೆಯೇ ಹೇಳಿ ಅಷ್ಟು ದೂರದಲ್ಲಿ ಒಬ್ಬಳನ್ನೇ ಕೂರಿಸಿ ಅಳಿಸುವುದು ಯಾಕೆ ಎಂದು ಮಾಮಿಯ ವಿಚಾರ. ಫೋನು ಜೋರಾಗಿ ಕೇಳುತ್ತಿತ್ತು, ನಾನು ಪಕ್ಕದಲ್ಲಿಯೇ ಇದ್ದೆ.

"ನನ್ನನ್ನ ಯಾಕೆ ಕಾಯಲಿಲ್ಲೆ?" ಎಂದರು ಆ ಕಡೆಯಿಂದ.

"ಅಷ್ಟು ದೂರದಿಂದ ನೀ ಎಂಗೆ ಬಂದು ಸೇರುವೆ?" ಎಂದರು ಮಾಮಿ.

ಆ ಕಡೆ ಫೋನ್ ಇಟ್ಟರು. ಅಲ್ಲಿಂದ ಮುಂದೆ ಚಿಕ್ಕಮಾಮಿ ಇತ್ತ ಕಾಲಿಡಲಿಲ್ಲ, ಅಕ್ಕನ ಹತ್ತಿರ ಮಾತಾಡಲಿಲ್ಲ. ಒಳ್ಳೆಯದು ಕೆಟ್ಟದ್ದು ಎಲ್ಲ ಅವರ ಮಗಳ ಮೂಲಕ ತಿಳಿಯುತ್ತಿತ್ತು. ಮಾಮಿಗೂ ಹಟ. "ಸಾವಿನ ಮನೆಯಲ್ಲಿ ನಂಗ ಏನು ಮಾಡಬೇಕಿತ್ತು? ಹೆಣವನ್ನ ಇಟ್ಟುಕೊಂಡು ಹಡಗು ಕಾಯಬೇಕಿತ್ತಾ?" ಎಂದು ತೋಟದಲ್ಲಿ ಟೀ ಎಲೆ ಕೀಳುವಾಗ, ಒಲೆ ಊದುವಾಗ, ಯಾರೂ ಕೇಳದಿದ್ದರೂ ಹೇಳುತ್ತಿದ್ದರು. ಯಾರೂ ಕೇಳದೆ ಪದೇ ಪದೇ ಹೇಳುವ ಮಾತಿನ ಒಳಗೆ ಏನಿರುತ್ತದೆ ಎಂದು ನನಗೆ ಗೊತ್ತಿತ್ತು. ಆದರೆ ಸೊಸೆ ಬಾಯಿ ಹಾಕುವ ಜಾಗವಲ್ಲ ಅದು. ನನಗೆ ಕೋಪ ಮೂಗಿನ ತುದಿಯಲ್ಲಿ. ಆದರೂ ಹತ್ತು ಹನ್ನೆರಡು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆ ಎನ್ನುವುದನ್ನು ಯಾರಾದರೂ ಬರೆದಿಡಬೇಕು, ಅದಕ್ಕೇ ನಾನೇ ಬರೆಯುತ್ತಿದ್ದೇನೆ.

ಇಲ್ಲಿ ಒಂದು ಮಾತು. ನಾವು ಮನೆಯಲ್ಲಿ ಆಡುವುದು ಬಡಗ ಮಾತು. ಗುಂಡ್ಲುಪೇಟೆಯ ಹಾಸ್ಟೆಲಿನಲ್ಲಿದ್ದು ಓದಿದವಳಾದ್ದರಿಂದ ನನಗೆ ಬರೆಯಲು ಬರುವುದು ಕನ್ನಡ. ಇವರೆಲ್ಲ ಆಡಿದ ಮಾತನ್ನು ಓದುವವರಿಗೆ ತಿಳಿಯುವಷ್ಟು ಮಟ್ಟಿಗೆ ತಿದ್ದಿಕೊಂಡಿದ್ದೇನೆ, ಅಷ್ಟೇ. ನಂಗ ಎಂದರೆ ನಾವು, ಎಂಗೆ ಎಂದರೆ ಹೇಗೆ ಎಂದು ತಿಳಿದುಕೊಂಡರೆ ಸಾಕು.

ಹೋದ ವರ್ಷ ಚಿಕ್ಕಮಾಮಿಯ ಮಗಳು ಫೋನ್ ಮಾಡಿದಳು. ಅವಳ ತಾಯಿಗೆ ಎದೆಯ ಆಪರೇಷನ್ ಆಗಬೇಕು, ಒಂದೂವರೆ ತಿಂಗಳ ಆಚೆಗೆ ದಿನ ಕೊಟ್ಟಿದ್ದಾರೆ ಎಂದಳು. ಅವಳು ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ, ಆದರೂ ನಮ್ಮ ಮಾತು ಬಿಟ್ಟಿಲ್ಲ. ಆಮೇಲೆ ಹೇಳಿದಳು: "ಅವ್ವೆ ಬಾಯಿ ಬಿಟ್ಟು ಏನೂ ಹೇಳೋದಿಲ್ಲ ಅತ್ತಿಗೆ. ಆದರೆ ಮೊನ್ನೆ ಡಾಕ್ಟರ ಹತ್ತಿರದಿಂದ ಬರುವಾಗ, ತಲೆ ಮುಟ್ಟುವವರು ಇಲ್ಲದೆ ಹೋಗಬೇಕಲ್ಲ ಅಂದರು. ಅಷ್ಟೇ ಅಂದದ್ದು."

ನಮ್ಮಲ್ಲಿ ದೊಡ್ಡದೊಂದಕ್ಕೆ ಹೊರಡುವ ಮುಂಚೆ ಹಿರಿಯರ ಮುಂದೆ ತಲೆ ಬಗ್ಗಿಸಬೇಕು. ಅವರು ಬಲಗೈಯನ್ನು ತಲೆಯ ಮೇಲಿಟ್ಟು ಹರಸಬೇಕು. ಕೈ ಮುಟ್ಟಲೇಬೇಕು, ದೂರದಿಂದ ಎತ್ತಿದ ಕೈಗೆ ಬೆಲೆಯಿಲ್ಲ. ಚಿಕ್ಕಮಾಮಿಗೆ ಅಪ್ಪ ಇಲ್ಲ, ಅವ್ವೆ ಇಲ್ಲ, ಗಂಡನೂ ಹೋಗಿಯಾಗಿತ್ತು. ಮೇಲಿನವರು ಎಂದು ಉಳಿದದ್ದು ಮಾತು ಬಿಟ್ಟ ಅಕ್ಕ ಒಬ್ಬಳೇ.

ಮಾಮಿಗೆ ಹೇಳಿದೆ. ಕೈಯಲ್ಲಿ ಬೀನ್ಸು ಮುರಿಯುತ್ತಿದ್ದರು. ಬುಟ್ಟಿ ಪೂರ್ತಿ ಮುಗಿಸಿದರು. ಆಮೇಲೆ, "ನಾ ಹೋದರೆ ಅವಳು ತಲೆ ಬಗ್ಗಿಸುವಳಾ?" ಎಂದರು.

"ಎನಗ ಎಂಗೆ ಗೊತ್ತಾಗುತ್ತೆ ಮಾಮಿ?"

"ಬಗ್ಗಿಸದಿದ್ದರೆ?"

"ಬಗ್ಗಿಸದಿದ್ದರೆ ವಾಪಸು ಬರುವ."

ಹೀಗೆ ಹೊರಟೆವು. ಪಾಸ್‌ಪೋರ್ಟು, ವೀಸಾ ಎಂದು ಕೊಯಮತ್ತೂರಿಗೆ ಅಲೆದದ್ದನ್ನು ಬರೆದರೆ ಅದೇ ಒಂದು ಪುರಾಣ, ಬೇಡ. ಟಿಕೆಟ್ಟು ಬಂದ ದಿನದ್ದನ್ನು ಮಾತ್ರ ಹೇಳುತ್ತೇನೆ. ಹೆಣ್ಣುಮಗಳು ಸಿಂಗಾಪುರಕ್ಕೆ ಹೊರಟಿದ್ದಾಳೆ ಎಂದು ತಿಳಿದು ಮಾಮಿಯ ತವರು ಹಟ್ಟಿಯಿಂದ ಅದೇ ಗೌಡರು ಕೋಲೂರಿಕೊಂಡು ಗುಡ್ಡ ಹತ್ತಿ ಬಂದರು. ಕನ್ನಡಕ ಏರಿಸಿಕೊಂಡು ಟಿಕೆಟ್ಟನ್ನು ಬೆಳಕಿಗೆ ಹಿಡಿದು, ಹೊರಡುವ ಗಂಟೆಯಿಂದ ಸೇರುವ ಗಂಟೆಯವರೆಗೆ ಬೆರಳಲ್ಲಿ ಎಣಿಸಿದರು. ಅಂಗಳದಲ್ಲಿ ನಮ್ಮ ಹಟ್ಟಿಯ ಹೆಂಗಸರೆಲ್ಲ ನಿಂತಿದ್ದರು.

"ಹೋಗುವುದಕ್ಕೆ ಏಳು ಗಂಟೆ ಹಾಕಿದ್ದಾನೆ," ಎಂದರು. ಹಾಳೆ ತಿರುಗಿಸಿದರು. "ಬರುವುದಕ್ಕೆ ಎರಡೇ ಗಂಟೆ."

"ಅದೆಂಗೆ?" ಎಂದ ನನ್ನ ಗಂಡ.

"ಎಂಗೆ ಅಂದರೆ? ಹೋಗುವಾಗ ಏರು, ಬರುವಾಗ ಇಳಿಜಾರು. ಕಲ್ಲಟ್ಟಿ ಎಂಗೋ ಅಂಗೆ."

ಎಲ್ಲರೂ ತಲೆಯಾಡಿಸಿದರು. ನಾನು ಬಿ.ಎ. ಮಾಡಿದವಳು, ಶಾಲೆಯಲ್ಲಿ ಮಕ್ಕಳಿಗೆ ಗೋಳ ತಿರುಗಿಸಿ ದೇಶ ತೋರಿಸಿದವಳು, ನಾನೂ ತಲೆಯಾಡಿಸಿದೆ. ಸತ್ಯವಾಗಿ ಹೇಳುತ್ತೇನೆ, ಒಂದು ಚೂರೂ ಅನುಮಾನ ಬರಲಿಲ್ಲ. ಹುಟ್ಟಿದಾಗಿನಿಂದ ಹತ್ತಿ ಇಳಿದು ಬದುಕಿದವರಿಗೆ, ಹೋಗುವ ಹೊತ್ತು ಬರುವ ಹೊತ್ತು ಬೇರೆಯಾಗಿದ್ದರೆ ಅದಕ್ಕೆ ಇನ್ನೇನು ಕಾರಣ ಇರಲು ಸಾಧ್ಯ? ಹಿಂದಿನಿಂದ ಒಬ್ಬ ಅಜ್ಜಿ, "ಅಷ್ಟು ಏರು ಅಂದರೆ ದೊಡ್ಡಬೆಟ್ಟಕ್ಕಿಂತ ಎತ್ತರವಾ ಸಿಂಗಾಪುರ? ಚಳಿ ಬಹಳ ಇರುತ್ತೆ" ಎಂದಳು. ಅದು ಎಲ್ಲರಿಗೂ ಸರಿಯೆನಿಸಿತು. ಮಾಮಿ ಎರಡು ಸ್ವೆಟರು, ಕಾಲುಚೀಲ, ಕಿವಿ ಮುಚ್ಚುವ ಉಣ್ಣೆಯ ಟೋಪಿ ಎಲ್ಲ ತುಂಬಿಕೊಂಡರು. ತಂಗಿಗೂ ಒಂದು ಸ್ವೆಟರು ಹೊಸದು ಕೊಂಡರು. ಚಿಕ್ಕಮಾಮಿ ಅಷ್ಟು ವರ್ಷ ಚಳಿಯಲ್ಲಿ ನಡುಗಿಕೊಂಡು ಇದ್ದಾಳೇನೋ ಎಂದು ಅವರ ಕಣ್ಣಲ್ಲಿ ನೀರು ಬಂತು.

ಹೊರಡುವ ದಿನ ಬೆಳಕು ಹರಿಯುವ ಮುಂಚೆಯೇ ಕಾರು ಹತ್ತಿದೆವು. ಘಾಟಿ ಇಳಿಯುವ ದಿನ ನಮ್ಮ ಹೆಂಗಸರು ಹೊಟ್ಟೆಗೆ ಏನೂ ಹಾಕುವುದಿಲ್ಲ, ತಿರುವು ತಿರುವಿಗೂ ಹೊರಗೆ ಬರುತ್ತದೆ ಎಂದು. ಮಾಮಿ ನೀರನ್ನೂ ಮುಟ್ಟಿರಲಿಲ್ಲ. ಕೂನೂರಿನಿಂದ ಕೆಳಗೆ ಮಂಜು, ಮುಂದೆ ಲಾರಿಗಳ ಸಾಲು, ಬರ್ಲಿಯಾರಿನ ಹತ್ತಿರ ಒಂದು ಮರ ಬಿದ್ದು ಅದನ್ನು ಕಡಿಯುವವರೆಗೆ ನಿಂತೆವು. ಕೊಯಮತ್ತೂರಿನ ವಿಮಾನ ನಿಲ್ದಾಣ ಸೇರುವ ಹೊತ್ತಿಗೆ ನಾಲ್ಕು ಗಂಟೆ ಹಿಡಿದಿತ್ತು. ಮಾಮಿ ಬಾಗಿಲಲ್ಲಿ ನಿಂತು, "ಇದು ಇಳಿಜಾರು. ಇನ್ನು ಮೇಲೆ ಏರು" ಎಂದು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡರು.

ವಿಮಾನ ಎದ್ದಾಗ ನಾನು ಕಣ್ಣು ಮುಚ್ಚಿಕೊಂಡೆ, ಅವರು ಮುಚ್ಚಲಿಲ್ಲ. ಕಿಟಕಿಗೆ ಹಣೆ ಹಚ್ಚಿ ಕೂತಿದ್ದರು. ಒಂದು ಸುತ್ತು ಹೊರಳಿದಾಗ ನಮ್ಮ ಬೆಟ್ಟ ಕಂಡಿತು. ನನ್ನ ಕೈಯನ್ನು ಹಿಡಿದು ಜಗ್ಗಿದರು. ಮೇಲೆ ಮೋಡ, ಅದರ ಕೆಳಗೆ ನೀಲಿ ಗೋಡೆ, ಗೋಡೆಯ ಬುಡದಲ್ಲಿ ಮೇಟುಪಾಳ್ಯದ ಬಯಲು. ಅಷ್ಟು ದಿನ ಅದರ ಮೇಲೆ ಕೂತು ಕೆಳಗೆ ನೋಡಿದವರು ನಾವು, ಅದನ್ನು ಪೂರ್ತಿಯಾಗಿ ಒಂದೇ ನೋಟಕ್ಕೆ ಕಂಡದ್ದು ಅದೇ ಮೊದಲು. ನೂರಾರು ಹಟ್ಟಿ, ಅಷ್ಟು ತೋಟ, ಅಷ್ಟು ಜಗಳ, ಮದುವೆ, ಸಾವು, ಎಲ್ಲ ಆ ಒಂದು ನೀಲಿ ಗುಡ್ಡೆಯೊಳಗೆ. "ಇಷ್ಟರೊಳಗಾ ನಂಗ ಇರೋದು?" ಎಂದರು ಮಾಮಿ.

ಸಮುದ್ರ ಬಂದ ಮೇಲೆ ನಾನು ನಿದ್ದೆ ಹೋದೆ. ಎದ್ದಾಗಲೂ ಅವರು ಅದೇ ಭಂಗಿಯಲ್ಲಿದ್ದರು. ಕೊಟ್ಟ ಊಟ ಮುಟ್ಟಿರಲಿಲ್ಲ, ಏರು ಮುಗಿಯಲಿ ಎಂದು ಕಾಯುತ್ತಿದ್ದರು.

"ಕೂಸೆ, ಅಲ್ಲಿ ನೋಡು. ಅದು ಏನು?"

ಬಗ್ಗಿ ನೋಡಿದೆ. ಬಹಳ ಕೆಳಗೆ, ಮೋಡದ ಸಂದಿಯಲ್ಲಿ, ನೀರಿನ ಮೇಲೆ ಒಂದು ಬಿಳಿಯ ಗೀರು. ಗೀರಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ಏನೋ. "ಹಡಗು ಮಾಮಿ," ಎಂದೆ.

"ಹಡಗಾ?"

"ಹೌದು. ನಂಗ ಹೋಗೋ ಕಡೆಗೇ ಹೋಗುತ್ತಾ ಇದೆ."

ಅವರು ಇನ್ನೂ ಬಗ್ಗಿ ನೋಡಿದರು. ಅದು ಅಲುಗುತ್ತಲೇ ಇರಲಿಲ್ಲ, ನೀರಿಗೆ ಅಂಟಿಸಿಟ್ಟಂತೆ ಇತ್ತು. ನಮ್ಮ ರೆಕ್ಕೆ ನಿಧಾನಕ್ಕೆ ಅದರ ಮೇಲೆ ಬಂತು, ಮುಚ್ಚಿತು, ದಾಟಿತು. ಮಾಮಿ ಕತ್ತು ಹಿಂದಕ್ಕೆ ತಿರುಗಿಸಿ ಕಾಣುವವರೆಗೂ ನೋಡಿದರು. "ಅದರೊಳಗೆ ಕೂತು ಹೋದಳಲ್ಲ ಅವಳು," ಎಂದರು, "ಎನ್ನ ತಂಗಿ." ಹಿಡಿದ ನನ್ನ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ.

ಇಳಿಯುವಾಗ ನನ್ನ ಕೈಗಡಿಯಾರ ನೋಡಿಕೊಂಡೆ. ಮಧ್ಯಾಹ್ನದ ಮೂರು ಗಂಟೆಯೂ ಆಗಿರಲಿಲ್ಲ, ವಿಮಾನ ಎದ್ದು ನಾಲ್ಕು ಗಂಟೆ ಚಿಲ್ಲರೆ ಅಷ್ಟೇ. ಎಲ್ಲೋ ನಡುವಿನ ಊರಿನಲ್ಲಿ ಇಳಿಸುತ್ತಿದ್ದಾರೆ ಎಂದುಕೊಂಡೆ. ಪಕ್ಕದವರನ್ನು ಕೇಳಿದೆ, ಸಿಂಗಾಪುರವೇ ಅಂದರು. ಏಳು ಗಂಟೆಯ ಏರು ಎಲ್ಲಿ ಹೋಯಿತು? ಬೆಪ್ಪಾಗಿ ಮಾಮಿಯ ಕೈ ಹಿಡಿದುಕೊಂಡು ಇಳಿದೆ. ಇಬ್ಬರ ಮೈಮೇಲೂ ಸ್ವೆಟರು. ಮಾಮಿಯ ತಲೆಯ ಮೇಲೆ ಟೋಪಿ.

ಪಾಸ್‌ಪೋರ್ಟು ನೋಡುವ ಜಾಗದಲ್ಲಿ ಹೆಬ್ಬೆರಳು ಇಡು ಎಂದರು. ಮಾಮಿ ಇಟ್ಟರು, ಯಂತ್ರ ಒಪ್ಪಲಿಲ್ಲ. ಒರೆಸಿ ಇಟ್ಟರು, ಇಲ್ಲ. ಎಲೆ ಕಿತ್ತು ಕಿತ್ತು ಆ ಬೆರಳುಗಳಲ್ಲಿ ಗೆರೆಯೇ ಉಳಿದಿಲ್ಲ, ಉಳಿದದ್ದು ಕಪ್ಪು ಕರೆ. ಅಲ್ಲಿದ್ದ ಹುಡುಗಿ ಎದ್ದು ಬಂದು ಆ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಒಂದೊಂದೇ ಬೆರಳನ್ನು ಒತ್ತಿ ನೋಡಿದಳು. ಕೊನೆಗೆ ಯಾವುದೋ ಒಂದು ಹಿಡಿಯಿತು. ನನಗೆ ಅಳು ಬಂದುಬಿಟ್ಟಿತ್ತು. ಇಷ್ಟು ಬಂದು, ಈ ಬಾಗಿಲಲ್ಲಿ ತಡೆದುಬಿಟ್ಟರೆ ನಾಳೆ ಆಪರೇಷನ್ನು ಎಂದು.

ಹೊರಗೆ ಚಿಕ್ಕಮಾಮಿಯ ಮಗಳು ಕಾಯುತ್ತಿದ್ದಳು. ನಮ್ಮನ್ನು ನೋಡಿ ಮೊದಲು ಓಡಿಬಂದಳು, ಆಮೇಲೆ ನಿಂತಳು. "ದೊಡ್ಡವ್ವೆ, ಇದೇನು ವೇಷ?"

ನಿಲ್ದಾಣದ ಬಾಗಿಲು ತೆರೆದ ಕೂಡಲೇ ಗೊತ್ತಾಯಿತು. ಗುಡಲೂರಿನ ಬೇಸಿಗೆಯನ್ನು ಬೇಯಿಸಿ ಮುಖಕ್ಕೆ ಒರೆಸಿದಂತೆ ಗಾಳಿ. ಬೆಟ್ಟವಿಲ್ಲ, ಏರಿಲ್ಲ, ಸಮುದ್ರದ ಮಟ್ಟಕ್ಕೆ ಬಂದು ನಿಂತಿದ್ದೇವೆ. ನಾನು ಗೌಡರ ಲೆಕ್ಕ ಹೇಳಿದೆ. ಅವಳು ಕಾರಿನ ಮೇಲೆ ಕೈಯಿಟ್ಟುಕೊಂಡು ನಕ್ಕಳು, ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಹೋಗುವುದಕ್ಕೂ ನಾಲ್ಕು ಗಂಟೆ ಚಿಲ್ಲರೆ, ಬರುವುದಕ್ಕೂ ಅಷ್ಟೇ. ಇಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ, ಹೊತ್ತು, ಎಂದರೆ ಸೂರ್ಯ, ಇಲ್ಲಿ ಮೊದಲು ಹುಟ್ಟುತ್ತದೆ ಎಂದು ಬಿಡಿಸಿ ಹೇಳಿದಳು. ನನಗೆ ನಾಚಿಕೆಯಿಂದ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಶಾಲೆಯಲ್ಲಿ ಇದನ್ನೇ ಪಾಠ ಮಾಡಿದ್ದೆ.

ಮಾಮಿ ನಗಲಿಲ್ಲ. ಕಾರಿನೊಳಗೆ ಕೂತು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. "ಹೊತ್ತು ಇವಳಿಗೆ ಮೊದಲು ಹುಟ್ಟಿ ಆಮೇಲೆ ನಮ್ಮಲ್ಲಿಗೆ ಬರುತ್ತಾ?" ಎಂದು ಕೇಳಿದರು.

"ಹೌದು ದೊಡ್ಡವ್ವೆ."

"ದಿನಾ?"

"ದಿನಾ."

"ದಿನಾ ಬೆಳಗ್ಗೆ ನಾ ಬಾಗಿಲು ತೆಗೆದು ಹೊತ್ತಿಗೆ ಕೈ ಮುಗಿಯುತ್ತಿದ್ದೆ. ಅವಳು ನೋಡಿ ಕಳಿಸಿದ್ದನ್ನೇ ನೋಡುತ್ತಿದ್ದೆನಾ?" ಮಾಮಿ ಕಿಟಕಿಯ ಹೊರಗೆ ಕೈ ಚಾಚಿದರು. ಸಂಜೆಯ ಬಿಸಿಲು ಕೈಮೇಲೆ ಬಿತ್ತು. ಅದನ್ನು ಹ್ಯಾಗೆ ನೋಡಿದರೆಂದರೆ, ಮನೆಗೆ ಮೊದಲ ಸಲ ಕರೆಂಟು ಬಂದ ದಿನ ಬಲ್ಬನ್ನು ನೋಡಿದ ಹಾಗೆ.

ಕಾರು ನೇರ ಆಸ್ಪತ್ರೆಗೆ ಹೊರಟಿತು. ಎತ್ತರದ ಮನೆಗಳು, ಎಣ್ಣೆ ಹಚ್ಚಿ ಬಾಚಿದಂಥ ರಸ್ತೆ, ಎರಡೂ ಕಡೆ ಕೊಡೆ ಬಿಚ್ಚಿದಂಥ ಮರಗಳು. ನಾನು ಕಣ್ಣು ಕಣ್ಣು ಬಿಟ್ಟು ನೋಡುತ್ತಿದ್ದೆ. ಮಾಮಿ ಒಂದನ್ನೂ ನೋಡುತ್ತಿರಲಿಲ್ಲ. ಬೆರಳು ಮಡಿಸಿ ಏನೋ ಲೆಕ್ಕ ಹಾಕುತ್ತಿದ್ದರು.

"ಕೂಸೆ. ಮನೆಯಿಂದ ಕೊಯಮತ್ತೂರಿಗೆ ಎಷ್ಟು ಹೊತ್ತಾಯಿತು?"

"ನಾಲ್ಕು ಗಂಟೆ."

"ಅಲ್ಲಿಂದ ಇಲ್ಲಿಗೆ?"

"ಅದೂ ನಾಲ್ಕು ಗಂಟೆ. ಒಂದು ಚೂರು ಮೇಲೆ."

"ಕಣ್ಣು ತೋರಿಸೋಕೆ ನಾ ಕೊಯಮತ್ತೂರಿಗೆ ಎಷ್ಟು ಸಲ ಹೋಗಿದ್ದೇನೆ?"

"ಬಹಳ ಸಲ ಮಾಮಿ."

"ಹೋದಾಗೆಲ್ಲ ಇವಳ ಹತ್ತಿರಕ್ಕೆ ಅರ್ಧ ದಾರಿ ಬಂದಿದ್ದೆ." ಅದನ್ನು ಅವರು ನನಗೆ ಹೇಳಲಿಲ್ಲ, ತಮಗೇ ಹೇಳಿಕೊಂಡರು. "ಅರ್ಧ ದಾರಿ ಬಂದು, ಕಣ್ಣಿಗೆ ಮದ್ದು ಹಾಕಿಸಿಕೊಂಡು, ತಿರುಗಿ ಹೋದೆ."

ನನ್ನ ಮನಸ್ಸು ತಟ್ಟನೆ ಆ ಅಂಗಳಕ್ಕೆ ಹೋಯಿತು. ಅವ್ವೆ ತೀರಿಕೊಂಡದ್ದು ಬೆಳಗ್ಗೆ, ಎತ್ತಿದ್ದು ಮಾರನೆಯ ದಿನ ಮಧ್ಯಾಹ್ನ. ಅಷ್ಟರೊಳಗೆ ಒಬ್ಬ ಮಗಳು ಇಲ್ಲಿಂದ ಹೊರಟು ಬಂದು, ಮುಖ ನೋಡಿ, ಹೊಟ್ಟೆ ತುಂಬ ಅತ್ತು, ಒಂದು ರಾತ್ರಿ ಪಕ್ಕದಲ್ಲಿ ಕೂರಬಹುದಿತ್ತು. ಲೆಕ್ಕ ಅಷ್ಟು ಸುಲಭವಾಗಿತ್ತು. ಹಟ್ಟಿಯ ಒಬ್ಬರೂ ಅದನ್ನು ಹಾಕಲಿಲ್ಲ. ಮಾಮಿಯ ಮುಖ ನೋಡಿದೆ, ಅವರೂ ಅಲ್ಲೇ ಇದ್ದರು.

ಆಪರೇಷನ್ನು ಚೆನ್ನಾಗಿಯೇ ಆಯಿತು, ಚಿಕ್ಕಮಾಮಿ ಈಗ ಓಡಾಡುತ್ತಿದ್ದಾರೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಓದುವವರು ಅದರ ಚಿಂತೆಯಲ್ಲಿ ಇರಬಾರದು. ನನಗೆ ಭಯವಿದ್ದದ್ದು ಡಾಕ್ಟರ ಕತ್ತರಿಯದಲ್ಲ, ಅದರ ಹಿಂದಿನ ಸಂಜೆಯದು.

ಆಸ್ಪತ್ರೆಯ ರೂಮಿನಲ್ಲಿ ಚಿಕ್ಕಮಾಮಿ ಹಾಸಿಗೆಯ ಮೇಲೆ ಎದ್ದು ಕೂತಿದ್ದರು. ತಲೆಗೆ ತೆಳ್ಳನೆ ಬಿಳಿ ಬಟ್ಟೆ, ನಮ್ಮ ಹೆಂಗಸರು ಕಟ್ಟುವ ಹಾಗೆಯೇ ಕಟ್ಟಿದ್ದರು. ಅಷ್ಟು ವರ್ಷ ಅಲ್ಲಿದ್ದೂ ಆ ಗಂಟು ಬದಲಾಗಿರಲಿಲ್ಲ. ಮಾಮಿ ಬಾಗಿಲಲ್ಲಿಯೇ ನಿಂತರು. ಇಬ್ಬರೂ ಮುದುಕಿಯರಾಗಿದ್ದರು. ಇಬ್ಬರಿಗೂ ಅದು ಆಗಲೇ ತಿಳಿದದ್ದು ಎಂದು ನನಗನ್ನಿಸಿತು.

"ಬಾ," ಎಂದರು ಚಿಕ್ಕಮಾಮಿ. ಕುರ್ಚಿ ತೋರಿಸಿದರು. ಮಾಮಿ ಕೂತರು.

"ಹಿಟ್ಟು ತಿಂದಿಯಾ?"

ಊಟವಾಯಿತಾ ಎಂದು ನಮ್ಮವರು ಕೇಳುವುದು ಹೀಗೆ. ಹಗೆಯವರನ್ನೂ ಕೇಳುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಮಾಮಿ ತಿಂದೆ ಎಂಬಂತೆ ತಲೆಯಾಡಿಸಿದರು. ತಿಂದಿರಲಿಲ್ಲ.

ಮಗಳು ನನ್ನ ಕಡೆ ನೋಡಿದಳು, ನಾನು ಅವಳ ಕಡೆ. ಎಲ್ಲಿಯೋ ಯಂತ್ರವೊಂದು ಟಿಕ್ ಟಿಕ್ ಎನ್ನುತ್ತಿತ್ತು. ಚಿಕ್ಕಮಾಮಿ ಹೊದಿಕೆಯ ಅಂಚನ್ನು ನೇರ ಮಾಡುತ್ತಾ, ಮುಖ ಎತ್ತದೆ ಕೇಳಿದರು:

"ಬಹಳ ದೂರ ಆಯಿತಾ ಅಕ್ಕ?"

ಆ ಮಾತು ಸುಮ್ಮನೆ ಕೇಳಿದ್ದಲ್ಲ. ನನಗೆ ಅರ್ಥವಾಯಿತು, ಮಾಮಿಗೂ ಆಯಿತು. ಹೌದು ಎಂದರೆ ಸಾಕಿತ್ತು. ನೋಡಿದೆಯಾ, ಎಷ್ಟು ದೂರ, ಹ್ಯಾಗೆ ಕಾಯುವುದು, ಎಂದು ಅಂದಿನ ಮಾತು ಇಂದೂ ನಿಲ್ಲುತ್ತಿತ್ತು. ಸುಸ್ತಾದ ಮುದುಕಿ ಹೌದು ಎಂದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ.

"ಇಲ್ಲೆ," ಎಂದರು ಮಾಮಿ. "ಹತ್ತಿರವೇ."

ಚಿಕ್ಕಮಾಮಿಯ ಕೈ ನಿಂತಿತು.

"ಬೆಳಗ್ಗೆ ಹೊರಟೆ, ಇಕೋ ಬಂದು ಕೂತಿದ್ದೇನೆ. ಕಾಯಬಹುದಿತ್ತು ನಿನ್ನ. ಎಲ್ಲರೂ ಬಂದಾಯಿತು ಅಂತ ಗೌಡರಿಗೆ ಹೇಳಿದವಳು ನಾನೇ. ಬೇರೆ ಯಾರೂ ಅಲ್ಲ. ಎನಗ ಗೊತ್ತಿರಲಿಲ್ಲೆ ಅನ್ನೋದಿಲ್ಲ, ಕೇಳಿದ್ದರೆ ಯಾರಾದರೂ ಹೇಳುತ್ತಿದ್ದರು. ಕೇಳಲೇ ಇಲ್ಲೆ."

ಒಂದು ಕಣ್ಣೀರೂ ಇಲ್ಲ, ದನಿಯೂ ನಡುಗಲಿಲ್ಲ. ಕೈಗಳನ್ನು ಮಾತ್ರ ಮಡಿಲಲ್ಲಿದ್ದ ಉಣ್ಣೆಯ ಟೋಪಿಯೊಳಗೆ ತುರುಕಿಕೊಂಡಿದ್ದರು. ನಾನು ಬಂದಾಗಿನಿಂದ ಆ ಹೆಂಗಸಿನ ಜೊತೆ ಎಷ್ಟೋ ಸಲ ಜಗಳ ಮಾಡಿದ್ದೇನೆ. ಅವರಷ್ಟು ದೊಡ್ಡವರನ್ನು ನಾನು ಕಂಡಿಲ್ಲ ಎಂದು ಅವತ್ತು ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಚಿಕ್ಕಮಾಮಿ ಅಕ್ಕನನ್ನೇ ನೋಡಿದರು. ನೋಡಿದರು, ನೋಡಿದರು. ಆಮೇಲೆ ತಲೆಯ ಬಟ್ಟೆಯ ಗಂಟು ಬಿಚ್ಚಿದರು. ಪಕ್ಕಕ್ಕಿಟ್ಟರು. ಹಾಸಿಗೆಯಿಂದ ಮುಂದಕ್ಕೆ ಬಾಗಿದರು. ನೆತ್ತಿಯಲ್ಲಿ ಕೂದಲು ತೆಳ್ಳಗಾಗಿತ್ತು, ಬೈತಲೆಯ ಹತ್ತಿರ ಚರ್ಮ ಕಾಣುತ್ತಿತ್ತು.

ಮಾಮಿ ಎದ್ದು ಬಲಗೈಯನ್ನು ಅದರ ಮೇಲಿಟ್ಟರು. ಹರಸುವ ಮಾತು ಉದ್ದ ಇದೆ, ಅವರಿಗೆ ಬಾಯಿಪಾಠ. ಒಂದು ಮಾತೂ ಹೊರಡಲಿಲ್ಲ. ಕೈ ಇಟ್ಟವರು ಇಟ್ಟೇ ನಿಂತರು. ಮಗಳು ಬಾಗಿಲ ಕಡೆ ತಿರುಗಿಕೊಂಡಳು.

ಆ ಕೈಯ ಕೆಳಗಿನಿಂದಲೇ, ತಲೆ ಎತ್ತದೆ, ಚಿಕ್ಕಮಾಮಿ ಕೇಳಿದರು:

"ಅವ್ವೆಯ ಮುಖ ಎಂಗಿತ್ತು?"

ಮಾಮಿ ಕುರ್ಚಿಗೆ ಹೋಗಲಿಲ್ಲ. ತಂಗಿಯ ಪಕ್ಕ ಹಾಸಿಗೆಯ ಮೇಲೆ ಕೂತರು. "ನಿದ್ದೆ ಹೋದ ಹಾಗೆ," ಎಂದು ಶುರು ಮಾಡಿದರು.

"ಅಂಗಲ್ಲ," ಎಂದರು ಚಿಕ್ಕಮಾಮಿ. "ಆ ದಿನ ಬೆಳಗ್ಗೆಯಿಂದ ಹೇಳು."